ಗೋಡೆಗೆ ಬಣ್ಣ ಬಂತು, ಮಾಸ್ತರು ಬರಲಿಲ್ಲ

ಸರ್ಕಾರಿ ಶಾಲೆಗಳ ಹಣಕ್ಕೆ ಕತ್ತರಿ ಹಾಕಿದ್ದೇವೆ ಎಂದು ಬಜೆಟ್ ಭಾಷಣದಲ್ಲಿ ಯಾರೂ ಓದುವುದಿಲ್ಲ. ಪ್ರತಿ ವರ್ಷ ಹೋದ ವರ್ಷಕ್ಕಿಂತ ದೊಡ್ಡ ಸಂಖ್ಯೆಯನ್ನೇ ಓದುತ್ತಾರೆ. ಕರ್ನಾಟಕದ 2024-25ರ ಬಜೆಟ್ಟಿನ ಗಾತ್ರ 3,71,383 ಕೋಟಿ ರೂಪಾಯಿ, ಅದರಲ್ಲಿ ಶಿಕ್ಷಣಕ್ಕೆ 44,422 ಕೋಟಿ. 2025-26ರಲ್ಲಿ ಬಜೆಟ್ 4,09,549 ಕೋಟಿಗೆ ಏರಿತು, ಶಿಕ್ಷಣಕ್ಕೆ 45,286 ಕೋಟಿ. ಕೇಳಿದವರಿಗೆ 864 ಕೋಟಿ ಹೆಚ್ಚಾಯಿತು ಅನ್ನಿಸುತ್ತದೆ. ಮೊಬೈಲ್ ತೆಗೆದು ಭಾಗಾಕಾರ ಮಾಡಿ ನೋಡಿ. ಒಟ್ಟು ಬಜೆಟ್ ಶೇ 10ರಷ್ಟು ಬೆಳೆದಿದೆ, ಶಿಕ್ಷಣದ ಹಣ ಶೇ 2 ಕೂಡ ಬೆಳೆದಿಲ್ಲ. ಇಡೀ ಬಜೆಟ್ಟಿನಲ್ಲಿ ಅದರ ಪಾಲು ಶೇ 12ರ ಹತ್ತಿರ ಇದ್ದದ್ದು ಶೇ 11ಕ್ಕೆ ಇಳಿದಿದೆ.

ಇದೇ ಹೊತ್ತಿಗೆ, 2024ರ ಆಗಸ್ಟ್‌ನಿಂದ, 7ನೇ ವೇತನ ಆಯೋಗದ ಸಂಬಳ ಜಾರಿಗೆ ಬಂತು. ಬರಲೇಬೇಕಿತ್ತು, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಶಿಕ್ಷಣ ಇಲಾಖೆಯ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳದ್ದೇ. ಒಬ್ಬೊಬ್ಬರ ಸಂಬಳ ಏರಿ, ಒಟ್ಟು ಹಣ ಇದ್ದಲ್ಲೇ ಇದ್ದರೆ ಲೆಕ್ಕ ಸರಿಹೋಗಲು ಒಂದೇ ದಾರಿ: ಖಾಲಿಯಾದ ಹುದ್ದೆಯನ್ನು ಖಾಲಿಯಾಗಿಯೇ ಇಡುವುದು.

ಐಟಿಯಲ್ಲಿ ಕೆಲಸ ಮಾಡುವವರಿಗೆ ಇದು ಹೊಸ ವಿದ್ಯೆಯಲ್ಲ. ನಾವಿದನ್ನು ಹೈರಿಂಗ್ ಫ್ರೀಜ್ ಅನ್ನುತ್ತೇವೆ. ಯಾರನ್ನೂ ತೆಗೆಯುವುದಿಲ್ಲ, ಪತ್ರಿಕೆಯಲ್ಲಿ ಸುದ್ದಿಯಾಗುವುದಿಲ್ಲ, ಬಿಟ್ಟು ಹೋದವರ ಜಾಗಕ್ಕೆ ಮಾತ್ರ ಯಾರೂ ಬರುವುದಿಲ್ಲ. ಉಳಿದವರು ಅವರ ಕೆಲಸವನ್ನೂ ಮಾಡಬೇಕು. ಕಂಪನಿಯಲ್ಲಾದರೆ ಪ್ರಾಜೆಕ್ಟ್ ಎರಡು ತಿಂಗಳು ತಡವಾಗುತ್ತದೆ, ಕ್ಲೈಂಟ್ ಬೈಯುತ್ತಾನೆ. ಹಳ್ಳಿ ಶಾಲೆಯಲ್ಲಿ ಮೂರನೇ ಇಯತ್ತೆಯ ಮಗು ಓದಲು ಬಾರದೆಯೇ ನಾಲ್ಕಕ್ಕೆ ಹೋಗುತ್ತದೆ, ಬೈಯಲು ಯಾರೂ ಇರುವುದಿಲ್ಲ.

ಶಾಲೆಯ ಒಳಗಿನ ಲೆಕ್ಕ ಹೊರಗಿನವರಿಗೆ ಗೊತ್ತಿರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿವರೆಗೆ 60 ಮಕ್ಕಳಿರುವ ತನಕ ಇಬ್ಬರು ಶಿಕ್ಷಕರು. ಅಂದರೆ ಕಾಯ್ದೆ ಪೂರ್ತಿ ಪಾಲನೆಯಾದ ಶಾಲೆಯಲ್ಲೂ ಐದು ತರಗತಿಗೆ ಇಬ್ಬರು. ನಮ್ಮೂರಂಥ ಶಾಲೆಯಲ್ಲಿ ಅದರಲ್ಲೊಬ್ಬರು ಹೆಡ್ ಮಾಸ್ತರರು. ಬಿಸಿಯೂಟದ ಅಕ್ಕಿ-ಬೇಳೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಆನ್‌ಲೈನ್ ಹಾಜರಾತಿ, ತಾಲ್ಲೂಕಿನ ಮೀಟಿಂಗು, ತರಬೇತಿ, ಮತದಾರರ ಪಟ್ಟಿ ಎಲ್ಲ ಅವರದೇ. ಉಳಿದ ಒಬ್ಬರು ಐದೂ ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಳ್ಳುತ್ತಾರೆ. ಈಗ ಇವರಲ್ಲಿ ಒಬ್ಬರು ನಿವೃತ್ತರಾದರು ಅಥವಾ ವರ್ಗವಾದರು ಅಂದುಕೊಳ್ಳಿ. 30 ಮಕ್ಕಳಿಗೆ ಒಬ್ಬ ಶಿಕ್ಷಕ ಎಂದು ಜಿಲ್ಲೆಯ ಸರಾಸರಿ ಅದೇ ಹೊತ್ತಿಗೆ ಚೆನ್ನಾಗಿಯೇ ಕಾಣಬಹುದು. ಸರಾಸರಿಯಿಂದ ಏನೇನು ಮುಚ್ಚಿಡಬಹುದು ಎಂದು ಡ್ಯಾಶ್‌ಬೋರ್ಡ್ ಮಾಡಿ ಹೊಟ್ಟೆ ಹೊರೆಯುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಮನೆಮನೆಗೆ ಹೋದವರಲ್ಲಿ ಬಹುಪಾಲು ಶಾಲಾ ಶಿಕ್ಷಕರೇ. ಕೆಲಸ ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಕೋ ಬೇಡವೋ ಎಂಬ ಚರ್ಚೆ ಬೇರೆ. ಬೇರೆ ಕೆಲಸಕ್ಕೆ ಕೈ ಕಡಿಮೆಯಾದಾಗಲೆಲ್ಲ ಸರ್ಕಾರ ಶಾಲೆಯ ಕಡೆಗೇ ಕೈಚಾಚುತ್ತದೆ, ಶಾಲೆಗೆ ಕೈ ಕಡಿಮೆಯಾದಾಗ ಮಾತ್ರ ಯಾವ ಇಲಾಖೆಯಿಂದಲೂ ಯಾರನ್ನೂ ಕಳಿಸುವುದಿಲ್ಲ.

ಖಾಲಿ ಹುದ್ದೆಗೆ ಸಿಕ್ಕಿರುವ ಮದ್ದು ‘ಅತಿಥಿ ಶಿಕ್ಷಕರು’. 2025-26ರಲ್ಲಿ ಇಂಥ ಸುಮಾರು 51 ಸಾವಿರ ಜನರನ್ನು ತೆಗೆದುಕೊಳ್ಳಲು ಒಪ್ಪಿಗೆ ಸಿಕ್ಕಿತು. ಅತಿಥಿ ಎಂಬ ಹೆಸರನ್ನು ಯಾರು ಇಟ್ಟರೋ ಗೊತ್ತಿಲ್ಲ, ಅತಿಥಿಗೆ ನಮ್ಮಲ್ಲಿ ಹೀಗೆ ಉಪಚಾರ ಮಾಡುವುದಿಲ್ಲ. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10 ಸಾವಿರ ಇದ್ದ ಗೌರವಧನವನ್ನು ಹೋದ ಬಜೆಟ್ಟಿನಲ್ಲಿ 2 ಸಾವಿರ ಏರಿಸಿದರು. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಪುಣೆಯಲ್ಲಿ ನಮ್ಮ ಸೊಸೈಟಿಯ ಗೇಟಿನಲ್ಲಿ ನಿಲ್ಲುವ ಸೆಕ್ಯುರಿಟಿಯವರು ಇದಕ್ಕಿಂತ ಹೆಚ್ಚು ದುಡಿಯುತ್ತಾರೆ. ಬಿಎಡ್ ಮುಗಿಸಿದ, ಟಿಇಟಿ ಪಾಸಾದ ಹುಡುಗ ಹುಡುಗಿಯರು ಈ ಸಂಬಳಕ್ಕೆ ಪಾಠ ಮಾಡುತ್ತ, ಸಂಜೆ ಬೇರೆ ಪರೀಕ್ಷೆಗೆ ಓದುತ್ತ, ಯಾವುದಾದರೂ ಒಂದು ಸಿಕ್ಕ ದಿನ ಹೊರಟುಬಿಡುತ್ತಾರೆ. ತಪ್ಪು ಅನ್ನಲು ನಮಗೆ ಬಾಯಿಲ್ಲ, ನಾವೂ ಹಾಗೇ ಊರು ಬಿಟ್ಟವರು. ಖಾಯಂ ನೇಮಕಾತಿ ಆದಾಗಲೂ ಅದರ ನಡಿಗೆ ಹೇಗಿರುತ್ತದೆ ನೋಡಿ: 15 ಸಾವಿರ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ 2022ರ ಮೇ ತಿಂಗಳಲ್ಲಿ ಪರೀಕ್ಷೆ ನಡೆಯಿತು. ಕೋರ್ಟಿನ ತಗಾದೆ ಮುಗಿದು ಆಯ್ಕೆಯಾದವರು ಶಾಲೆ ಸೇರುವಷ್ಟರಲ್ಲಿ 2023ರ ಕೊನೆ ಬಂದಿತ್ತು.

ಆಮೇಲೆ ನಡೆಯುವುದು ಎಲ್ಲ ಊರಲ್ಲೂ ಒಂದೇ. ಮಾಸ್ತರಿಲ್ಲದ ಶಾಲೆಯಿಂದ ಮೊದಲು ಹೊರಡುವುದು ಟ್ರ್ಯಾಕ್ಟರ್ ಇರುವ ಮನೆಯ ಮಕ್ಕಳು. ತಾಲ್ಲೂಕು ಕೇಂದ್ರದ ಕಾನ್ವೆಂಟಿನ ಹಳದಿ ವ್ಯಾನು ಊರ ಅಗಸಿಯವರೆಗೆ ಬರುತ್ತದೆ. ಎರಡು ವರ್ಷದಲ್ಲಿ ಕಿರಾಣಿ ಅಂಗಡಿಯವರ ಮಕ್ಕಳು, ಆಮೇಲೆ ಮೂರು ಎಕರೆ ಒಣಬೇಸಾಯದವರೂ ಸಾಲ ಮಾಡಿ ಕಳಿಸುತ್ತಾರೆ. ಉಳಿಯುವವು ಕೂಲಿ ಮಾಡುವವರ ಮಕ್ಕಳು. ಗಟ್ಟಿ ದನಿಯಲ್ಲಿ ಕೇಳುವ ತಂದೆ-ತಾಯಂದಿರೆಲ್ಲ ಎಸ್‌ಡಿಎಂಸಿಯಿಂದ ಹೊರಗೆ ಹೋಗಿರುತ್ತಾರೆ. ಆಗ ಮೇಲಿನಿಂದ ಅಧಿಕಾರಿಗಳು ಬಂದು ನೋಡಿ, ಮಕ್ಕಳೇ ಇಲ್ಲವಲ್ಲ, ಶಾಲೆ ಯಾಕೆ ಬೇಕು ಎಂದು ಬರೆಯುತ್ತಾರೆ. ಮಕ್ಕಳು ಕಡಿಮೆ ಎಂದು ಮಾಸ್ತರನ್ನು ಕೊಡಲಿಲ್ಲವೋ, ಮಾಸ್ತರು ಇಲ್ಲ ಎಂದು ಮಕ್ಕಳು ಹೋದರೋ? ಹಳ್ಳಿಯಲ್ಲಿ ಹೆರಿಗೆ ಕಡಿಮೆಯಾಗಿದೆ, ಇಂಗ್ಲಿಷ್ ಮೋಹ ಇದೆ, ಅದೂ ನಿಜ. ಆದರೆ ಕಡತದಲ್ಲಿ ಈ ಎರಡು ಕಾರಣ ಮಾತ್ರ ಬರೆದು ಮೂರನೆಯದನ್ನು ಬಿಡುವುದು ಸರಿಯಲ್ಲ.

ಪುಣೆಯಲ್ಲಿ ಹಿಂಜೆವಾಡಿಯ ಕಡೆ ಯಾವ ಕಟ್ಟಡದ ಕೆಲಸದ ಹತ್ತಿರ ನಿಂತರೂ ಕನ್ನಡ ಕಿವಿಗೆ ಬೀಳುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು. ಹೋದ ಮಳೆಗಾಲದಲ್ಲಿ ಒಬ್ಬ ತಾಯಿಯನ್ನು, ಮಕ್ಕಳನ್ನು ಊರಲ್ಲೇ ಅಜ್ಜಿಯ ಹತ್ತಿರ ಬಿಡಬಹುದಿತ್ತಲ್ಲಕ್ಕಾ, ಶಾಲೆ ತಪ್ಪುತ್ತದೆ ಅಂದೆ. ‘ಬಿಡಬಹುದಿತ್ರೀ ಸರ. ಆದ್ರ ಸಾಲ್ಯಾಗ ಮಾಸ್ತರನ ಇಲ್ಲ. ದಿನಾ ಆಡಿ ಬರ್ತಿದ್ವು. ಅದಕ್ಕ ಕಟಗೊಂಡು ಬಂದ್ವಿ’ ಅಂದಳು. ಗುಳೆ ಹೋಗುವುದು ಬರದಿಂದ, ಸಾಲದಿಂದ ಎಂದು ನಾವೆಲ್ಲ ಓದಿದ್ದೇವೆ. ಗಂಡಹೆಂಡತಿ ಬರುವುದಕ್ಕೂ ಇಡೀ ಸಂಸಾರ ಬರುವುದಕ್ಕೂ ನಡುವೆ ಊರಿನ ಶಾಲೆ ನಿಂತಿರುತ್ತದೆ. ಮಧ್ಯಾಹ್ನದ ಊಟ, ಹಾಲು, ದಿನವಿಡೀ ಕಣ್ಣಿಡುವ ಒಬ್ಬ ದೊಡ್ಡವರು, ಇಷ್ಟಿದ್ದರೆ ಮಗು ಅಜ್ಜಿಯ ಹತ್ತಿರ ಉಳಿಯುತ್ತದೆ. ಇಲ್ಲದಿದ್ದರೆ ಹತ್ತು ವರ್ಷದ ಹುಡುಗಿ ಇಲ್ಲಿ ಶೆಡ್ಡಿನ ಮುಂದೆ ತಮ್ಮನನ್ನು ಎತ್ತಿಕೊಂಡು ಕೂತಿರುತ್ತಾಳೆ. ಸರ್ಕಾರ ಉಳಿಸಿದ ಸಂಬಳದ ಬಿಲ್ಲನ್ನು ಕೊನೆಗೆ ತುಂಬುತ್ತಿರುವುದು ಅವಳು.

ಸಣ್ಣ ಶಾಲೆಗಳನ್ನು ಕೂಡಿಸಿ ದೊಡ್ಡ, ಒಳ್ಳೆಯ ಶಾಲೆ ಮಾಡೋಣ ಎನ್ನುವವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ತರಗತಿಗೊಬ್ಬ ಶಿಕ್ಷಕ, ಲ್ಯಾಬು, ಆಟದ ಮೈದಾನ ಇರುವ ಶಾಲೆ ಯಾರಿಗೆ ಬೇಡ? ಕರ್ನಾಟಕ ಪಬ್ಲಿಕ್ ಶಾಲೆಗಳ ಯೋಚನೆ ಅದೇ. ಆದರೆ ಆ ಶಾಲೆಗೆ ಮಗು ಹೇಗೆ ತಲುಪುತ್ತದೆ ಎಂಬ ಪ್ರಶ್ನೆಗೆ ನಮ್ಮ ಚರಿತ್ರೆ ಒಳ್ಳೆಯ ಉತ್ತರ ಕೊಡುವುದಿಲ್ಲ. 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತು. ನಮ್ಮ ಕಡೆ ಹುಡುಗಿಯರು ಗುಂಪು ಕಟ್ಟಿಕೊಂಡು ಪಕ್ಕದ ಊರಿನ ಹೈಸ್ಕೂಲಿಗೆ ಹೋಗುವುದನ್ನು ಊರೇ ನಿಂತು ನೋಡಿತ್ತು. ಕೋವಿಡ್ ಕಾಲದಲ್ಲಿ ಸೈಕಲ್ ನಿಂತಿತು. ಶಾಲೆ ಮತ್ತೆ ತೆರೆಯಿತು, ಸೈಕಲ್ ವರ್ಷಗಟ್ಟಲೆ ಮತ್ತೆ ಬರಲಿಲ್ಲ. ಸೈಕಲ್ಲನ್ನೇ ನಿಭಾಯಿಸದ ವ್ಯವಸ್ಥೆ ಆರು ವರ್ಷದ ಮಗುವಿಗೆ ದಿನಾ ಬಸ್ಸು ಕಳಿಸುತ್ತದೆ ಎಂದು ಒಬ್ಬ ತಾಯಿ ಯಾಕೆ ನಂಬಬೇಕು? ಬಸ್ಸು ಎರಡು ದಿನ ಬರದಿದ್ದರೆ ಗಂಡುಮಗ ನಡೆದು ಹೋಗುತ್ತಾನೆ, ಹೆಣ್ಣುಮಗಳು ಮನೆಯಲ್ಲಿ ಉಳಿಯುತ್ತಾಳೆ. ಒಂದು ಊರಿನಲ್ಲಿ ಶಾಲೆ ಮುಚ್ಚಿದರೆ ಅಡುಗೆ ಮಾಡುತ್ತಿದ್ದ ಇಬ್ಬರು ಹೆಂಗಸರ ಕೆಲಸವೂ ಹೋಗುತ್ತದೆ, ಅದನ್ನು ಯಾವ ವರದಿಯಲ್ಲೂ ಬರೆಯುವುದಿಲ್ಲ.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಕಾರಣಕ್ಕೂ ಇದು ತಟ್ಟಬೇಕು. ಮಹಾರಾಷ್ಟ್ರದಲ್ಲೂ 2022ರಲ್ಲಿ 20ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳ ಪಟ್ಟಿ ಮಾಡಲು ಹೊರಟರು. ಸಮೂಹ ಶಾಲೆಯ ಮಾತು ಇಲ್ಲಿ ಇನ್ನೂ ನಡೆದಿದೆ. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಅಲ್ಲಿ ಮರಾಠಿ ಶಾಲೆ, ಕನ್ನಡ ಶಾಲೆ ಎಂದು ಮಕ್ಕಳು ಹಂಚಿಹೋಗಿರುವುದರಿಂದ ಕನ್ನಡ ಶಾಲೆಯ ಸಂಖ್ಯೆ ಸಣ್ಣದಾಗಿಯೇ ಇರುತ್ತದೆ. ಕರ್ನಾಟಕದಲ್ಲಿ ಶಾಲೆ ಕೂಡಿಸಿದರೆ ಮಗು ನಾಲ್ಕು ಕಿಲೋಮೀಟರ್ ಹೆಚ್ಚು ಹೋಗಬೇಕಾದೀತು. ಇಲ್ಲಿ ಕೂಡಿಸಿದರೆ ಹತ್ತಿರದ ಶಾಲೆಯ ಮಾಧ್ಯಮವೇ ಬೇರೆ. ತಲೆ ಎಣಿಸಿ ಶಾಲೆ ಉಳಿಸುವ ನಿಯಮವನ್ನು ಬೆಂಗಳೂರಿನಲ್ಲಿ ಒಪ್ಪಿಕೊಂಡು, ಜತ್ತದ ಕನ್ನಡ ಶಾಲೆ ಉಳಿಯಬೇಕು ಎಂದು ಮುಂಬೈಗೆ ಮನವಿ ಕೊಡಲು ನಮಗೆ ಮುಖ ಇರುವುದಿಲ್ಲ.

ಇಷ್ಟು ಬರೆದ ಮೇಲೆ, ಎಲ್ಲ ಗ್ಯಾರಂಟಿಗಳಿಂದ ಆದದ್ದು ಎಂದು ಕೆಲವರು ಪ್ರತಿಕ್ರಿಯೆ ಬರೆಯುತ್ತಾರೆ, ಗೊತ್ತು. ಗ್ಯಾರಂಟಿಗಳಿಗೆ 2025-26ರಲ್ಲಿ 51,034 ಕೋಟಿ, ಶಿಕ್ಷಣಕ್ಕಿಂತ ಹೆಚ್ಚು. ಆ ಎರಡು ಸಂಖ್ಯೆ ಪಕ್ಕಪಕ್ಕ ನೋಡಿದಾಗ ನನಗೂ ಕಸಿವಿಸಿಯಾಯಿತು. ಆದರೆ ಖಾಲಿ ಹುದ್ದೆ, ಅತಿಥಿ ಶಿಕ್ಷಕರು, ಸೈಕಲ್ ನಿಂತದ್ದು ಎಲ್ಲ ಅದಕ್ಕಿಂತ ಹಳೆಯವು. 2022ರ ಅಕ್ಟೋಬರ್‌ನಲ್ಲಿ ಸರ್ಕಾರಿ ಶಾಲೆ ಮಕ್ಕಳ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂಬ ಸುತ್ತೋಲೆ ಹೊರಟಿತ್ತು. ಬೈಗುಳ ಬಿದ್ದ ಮೇಲೆ ಕೆಲವೇ ದಿನಕ್ಕೆ ವಾಪಸ್ಸು ಪಡೆದರು. ಆಗ ಗ್ಯಾರಂಟಿ ಇರಲಿಲ್ಲ. 2023ರ ನವೆಂಬರ್ 1ರಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಘೋಷಣೆಯಾದದ್ದು ಈ ಸರ್ಕಾರದಲ್ಲೇ. ಪಕ್ಷ ನೋಡಿ ಸಿಟ್ಟಾಗುವುದಾದರೆ ಐದು ವರ್ಷಕ್ಕೊಮ್ಮೆ ಸಿಟ್ಟು ಬದಲಿಸುತ್ತಿರಬೇಕಾಗುತ್ತದೆ.

ಹಣ ಸಾಲದ ಜಾಗವನ್ನು ಈಗ ದಾನ ತುಂಬುತ್ತಿದೆ. ಬಿಸಿಯೂಟದಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತಿದ್ದರೆ ಅದರಲ್ಲಿ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಹಣ, ಮೂರು ವರ್ಷದ ಒಪ್ಪಂದ. ಕೊಟ್ಟವರಿಗೆ ಕೈಮುಗಿಯುತ್ತೇನೆ. ಮೂರು ವರ್ಷದ ಮೇಲೆ ಆ ನಾಲ್ಕು ದಿನದ ತಲೆನೋವು ಯಾರದು ಎಂದು ಮಾತ್ರ ಕೇಳುತ್ತೇನೆ.

ನಮ್ಮ ಸಣ್ಣ ದಾನದ ಕಥೆಯೂ ಬೇರೆಯಲ್ಲ. ನಮ್ಮೂರ ಶಾಲೆಯ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪುಣೆ, ಹೈದರಾಬಾದ್, ಚೆನ್ನೈನಲ್ಲಿರುವವರು ಸೇರಿ ಹಣ ಹಾಕಿ ಶಾಲೆಗೆ ಬಣ್ಣ ಹೊಡೆಸಿದೆವು. ಗೋಡೆಯ ಮೇಲೆ ರೈಲುಡಬ್ಬಿ ಬಂತು, ಫೋಟೊ ಬಂತು, ನೂರಾರು ಹೃದಯದ ಇಮೋಜಿ ಬಂದವು. ರೈಲು ಚೆನ್ನಾಗಿದೆ. ಆ ಶಾಲೆಯಲ್ಲಿ ಖಾಲಿಯಿದ್ದ ಹುದ್ದೆ ಈಗಲೂ ಖಾಲಿಯಿದೆ. ಈಗ ಪ್ರೊಜೆಕ್ಟರ್ ಕೊಡೋಣ ಎಂಬ ಚರ್ಚೆ ನಡೆದಿದೆ. ಕೊಡಿ, ನಾನೂ ಹಾಕುತ್ತೇನೆ, ಆದರೆ ಅದಕ್ಕಿಂತ ಮೊದಲು ಕೇಳಬೇಕಾದ್ದನ್ನು ಕೇಳೋಣ ಎಂದು ಹಟ ಹಿಡಿದೆ. ಶಾಸಕರು ಊರಿನ ಕೂಲಿಕಾರರ ಪತ್ರಕ್ಕೆ ಕೊಡದ ಉತ್ತರವನ್ನು ಕಂಪನಿ ಐಡಿ ಕಾರ್ಡ್ ತೂಗುಹಾಕಿಕೊಂಡವರಿಗೆ ಕೊಡುತ್ತಾರೆ. ನ್ಯಾಯವಲ್ಲ, ಆದರೆ ವಾಸ್ತವ. ಹಣ ಕೊಡುವುದಕ್ಕಿಂತ ಈ ಅನುಕೂಲವನ್ನು ಊರಿಗೆ ಕೊಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮಾರ್ಚಿನಲ್ಲಿ ಮುಂದಿನ ಬಜೆಟ್ ಬರುತ್ತದೆ. ಗುಂಪಿನ ಮೂವರು ಸೇರಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇವೆ. ಶುಲ್ಕ 10 ರೂಪಾಯಿ. ಕೇಳಿರುವುದು ಮೂರೇ ವಿಷಯ: ನಮ್ಮ ಕ್ಲಸ್ಟರಿನ ಶಾಲೆಗಳಿಗೆ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಒಂದೊಂದೂ ಯಾವ ತಾರೀಖಿನಿಂದ ಖಾಲಿ. 30 ದಿನದೊಳಗೆ ಉತ್ತರ ಕೊಡಬೇಕು. ಇವತ್ತಿಗೆ 19 ದಿನ ಆಯಿತು.