ಏಳು ಕೆರೆಯ ನೀರು

ಏಳು ಕೆರೆಯ ನೀರು ಕುಡಿದವನೆಂದರೆ ಲೋಕವ್ಯವಹಾರದಲ್ಲಿ ನುರಿತವನೆಂದು ಅರ್ಥ. ಕೆರೆ ಕಂಡಷ್ಟೂ ಜಾಣ್ಮೆ ಬಲಿಯುತ್ತದೆಂಬುದು ನಮ್ಮ ಹಿರಿಯರ ನಂಬಿಕೆ. ಆ ನಂಬಿಕೆಯನ್ನು ಸುಳ್ಳು ಮಾಡುವ ಪದಾರ್ಥವೊಂದು ಈಗ ಮನೆಮನೆಯಲ್ಲಿಯೂ ನೆಲೆಸಿದೆ. ಅದೇ ಲ್ಯಾಪ್‌ಟಾಪು. ಬೆಳಗ್ಗೆ ಮನೆಯ ವೈಫೈ, ಮಧ್ಯಾಹ್ನ ಕಾಲೇಜಿನದು, ಸಂಜೆ ಕಾಫಿ ಹೋಟೆಲಿನದು, ಊರಿಗೆ ಹೊರಟರೆ ರೈಲು ನಿಲ್ದಾಣದ್ದು, ನಡುನಡುವೆ ಮೊಬೈಲಿನ ಹಾಟ್‌ಸ್ಪಾಟು. ಇಷ್ಟು ನೀರು ಕುಡಿದ ಮೇಲೂ ಕೆರೆ ಯಾವುದು, ಕೊಚ್ಚೆ ಯಾವುದು ಎಂಬ ವಿವೇಕ ಅದಕ್ಕೆ ತಾನಾಗಿ ಬರುವುದಿಲ್ಲ. ಅದನ್ನು ಒಡೆಯನೇ ಕಲಿಸಬೇಕು.

ತಂತಿಯಿಲ್ಲದ ಈ ಸಂಪರ್ಕಕ್ಕೆ 1997ರಲ್ಲಿ ಮೊದಲ ಕಟ್ಟಳೆ ರೂಪುಗೊಂಡಿತು. ವೈಫೈ ಎಂಬ ನಾಮಕರಣವಾದುದು 1999ರಲ್ಲಿ. ಪ್ರತಿಯೊಂದು ಜಾಲವೂ ತನ್ನ ಹೆಸರನ್ನು ಸುತ್ತಲೂ ಸಾರುತ್ತಿರುತ್ತದೆ. ನಾವು ಒಮ್ಮೆ ಒಪ್ಪಿಗೆಯಿತ್ತರೆ ಲ್ಯಾಪ್‌ಟಾಪು ಆ ಹೆಸರನ್ನು ಬರೆದಿಟ್ಟುಕೊಂಡು, ಮುಂದೆ ಅದು ಕೇಳಿಬಂದೊಡನೆ ನಮ್ಮನ್ನು ಕೇಳದೆಯೇ ಕೈ ಚಾಚುತ್ತದೆ. ಸೌಕರ್ಯವೇನೋ ದಿಟ, ಅಪಾಯವೂ ಅಲ್ಲಿಯೇ ಇದೆ. ಗುಪ್ತಪದವುಳ್ಳ ಜಾಲದ ವೇಷ ಧರಿಸುವವನಿಗೆ ಆ ಗುಪ್ತಪದವೂ ತಿಳಿದಿರಬೇಕು. ಗುಪ್ತಪದವಿಲ್ಲದ ಬಯಲು ಜಾಲಕ್ಕಾದರೋ ಹೆಸರೊಂದೇ ಗುರುತು. ಅದೇ ಹೆಸರನ್ನು ಪಕ್ಕದ ಮೇಜಿನವನೂ ತನ್ನ ಯಂತ್ರಕ್ಕೆ ಇಟ್ಟುಕೊಳ್ಳಬಹುದು.

ಇದು ಬರಿಯ ಊಹೆಯಲ್ಲ. ಪರ್ತ್, ಮೆಲ್ಬರ್ನ್, ಅಡಿಲೇಡ್ ವಿಮಾನ ನಿಲ್ದಾಣಗಳಲ್ಲಿ ಉಚಿತ ವೈಫೈಯ ಸೋಗು ಹಾಕಿ ಪ್ರಯಾಣಿಕರ ಮಿಂಚಂಚೆಯ ವಿವರಗಳನ್ನು ಸೆಳೆದನೆಂದು 2024ರಲ್ಲಿ ಆಸ್ಟ್ರೇಲಿಯಾದ ಪೊಲೀಸರು ಒಬ್ಬನ ಮೇಲೆ ಆಪಾದನೆ ಹೊರಿಸಿದರು. ಈಗ ಬಹುಪಾಲು ಜಾಲತಾಣಗಳು ತಮ್ಮ ಮಾತನ್ನು ಗೂಢಲಿಪಿಯಲ್ಲಿ ಕಳುಹಿಸುವುದರಿಂದ ಕದ್ದು ಕೇಳುವವನಿಗೆ ಹೆಚ್ಚೇನೂ ದಕ್ಕದು. ಆದರೆ ನಾವೇ ನಂಬಿ ನಕಲಿ ಪುಟದಲ್ಲಿ ಬರೆದುಕೊಟ್ಟುದನ್ನು ಯಾವ ಗೂಢಲಿಪಿ ಕಾಪಾಡೀತು? ಮಿಂಚಂಚೆಯ ಗುಪ್ತಪದವು ಬೀರುವಿನ ಬೀಗದ ಕೈಯಿದ್ದಂತೆ. ಅದು ಪರರ ಪಾಲಾದರೆ ಉಳಿದ ಬೀಗಗಳೂ ಒಂದೊಂದಾಗಿ ತೆರೆದುಕೊಂಡಾವು.

ಉಪಾಯ ಕಷ್ಟದ್ದಲ್ಲ. ವಿಂಡೋಸ್ ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ವಿಭಾಗವನ್ನು ಹೊಕ್ಕರೆ ಪರಿಚಿತ ಜಾಲಗಳ ಪಟ್ಟಿ ದೊರೆಯುತ್ತದೆ. ಎಂದೋ ತಂಗಿದ ವಸತಿಗೃಹ, ಮದುವೆಗೆಂದು ಹೋದ ಛತ್ರ, ಮೂರು ವರ್ಷದ ಹಿಂದೆ ಬಿಟ್ಟ ಬಾಡಿಗೆ ಮನೆ, ಎಲ್ಲವೂ ಅಲ್ಲಿ ಸಾಲಾಗಿ ಕುಳಿತಿರುತ್ತವೆ. ಬೇಡವಾದುದನ್ನು ‘ಫರ್ಗೆಟ್’ ಎಂದು ಅಳಿಸಿಬಿಡಬೇಕು. ಆಗಾಗ ಬೇಕಾಗುವ ಸಾರ್ವಜನಿಕ ಜಾಲವಾದರೆ, ತಾನಾಗಿ ಸೇರುವ ಅನುಮತಿಯನ್ನಷ್ಟೇ ಹಿಂತೆಗೆದುಕೊಳ್ಳಬಹುದು. ಹೊರಗಿನ ಜಾಲಗಳನ್ನು ‘ಪಬ್ಲಿಕ್’ ಎಂದು ಗುರುತಿಸಿದರೆ ನಮ್ಮ ಯಂತ್ರ ಅಲ್ಲಿನ ಇತರರ ಕಣ್ಣಿಗೆ ಬೀಳದಂತೆ ಮರೆಯಾಗಿರುತ್ತದೆ. ಬ್ಯಾಂಕಿನ ವ್ಯವಹಾರಕ್ಕೆ ಸ್ವಂತ ಮೊಬೈಲಿನ ಹಾಟ್‌ಸ್ಪಾಟೇ ಮೇಲು. ಅದನ್ನು ‘ಮೀಟರ್ಡ್’ ಎಂದು ಗುರುತಿಸಿಟ್ಟರೆ ವಿಂಡೋಸ್ ತನ್ನ ನವೀಕರಣಗಳಿಗೆ ಮೊಬೈಲಿನ ಡೇಟಾವನ್ನು ಬೇಕಾಬಿಟ್ಟಿ ವ್ಯಯಿಸದು.

ಮನೆಯೊಳಗಿನ ತಕರಾರು ಬೇರೆ ಬಗೆಯದು. ಅನೇಕ ರೂಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಅಲೆಗಳಲ್ಲಿ ಮಾತನಾಡುತ್ತವೆ. ಮೊದಲನೆಯದು ಗೋಡೆ ದಾಟಿ ದೂರ ಹೋಗುತ್ತದೆ. ಎರಡನೆಯದು ವೇಗಶಾಲಿ, ಆದರೆ ಗೋಡೆ ಅಡ್ಡಬಂದರೆ ಬೇಗನೆ ಸೋಲುತ್ತದೆ. ರೂಟರಿರುವ ನಡುಮನೆಯಲ್ಲಿ ಎರಡನೆಯದನ್ನೂ ಮಹಡಿಯ ಕೋಣೆಯಲ್ಲಿ ಮೊದಲನೆಯದನ್ನೂ ಆರಿಸುವುದು ಲೇಸು. ಎರಡು ಪರಿಚಿತ ಜಾಲಗಳು ಒಟ್ಟಿಗೆ ಸಿಕ್ಕಾಗ ನಾವು ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಹಿಡಿದರೆ, ವಿಂಡೋಸ್ ಅದನ್ನು ನೆನಪಿಟ್ಟು ಮುಂದೆ ಎರಡನೆಯದಕ್ಕೇ ಮನ್ನಣೆ ಕೊಡುತ್ತದೆ. ನಮ್ಮ ಶಿಷ್ಯವರ್ಗದಲ್ಲಿ ಇಷ್ಟು ವಿಧೇಯತೆ ದುರ್ಲಭ!

ಅಪರಿಚಿತ ಊರಿನಲ್ಲಿ ಹೆಸರನ್ನು ನಂಬುವುದು ಹೇಗೆಂಬ ಪ್ರಶ್ನೆಗೆ ವಿದ್ವಾಂಸರು ಒಂದು ಉತ್ತರ ಕಂಡುಕೊಂಡಿದ್ದಾರೆ. 2002ರಲ್ಲಿ ಯೂರೋಪಿನಲ್ಲಿ ಮೊಳೆತ ‘ಎಜುರೋಮ್’ ಎಂಬ ವ್ಯವಸ್ಥೆಯಲ್ಲಿ ಒಂದು ವಿಶ್ವವಿದ್ಯಾನಿಲಯದವರು ಮತ್ತೊಂದಕ್ಕೆ ಹೋದರೂ ಅದೇ ಹೆಸರಿನ ಜಾಲ, ಅದೇ ಗುಪ್ತಪದ. ಭಾರತದಲ್ಲಿ ಅದರ ಹೊಣೆ ಎರ್ನೆಟ್ ಸಂಸ್ಥೆಯದು. ಬಂದವನ ಗುರುತನ್ನು ಅವನ ಸ್ವಂತ ವಿದ್ಯಾಸಂಸ್ಥೆಯೇ ದೃಢಪಡಿಸುತ್ತದೆ. ಸರಿಯಾಗಿ ಅಣಿಗೊಳಿಸಿದ ಲ್ಯಾಪ್‌ಟಾಪು ಕೂಡ ಆ ಸಂಸ್ಥೆಯ ಪ್ರಮಾಣಪತ್ರವನ್ನು ಪರೀಕ್ಷಿಸಿಯೇ ಮುಂದುವರಿಯುತ್ತದೆ. ಅತಿಥಿ ಆತಿಥೇಯರಿಬ್ಬರೂ ಪರಸ್ಪರ ವಿಚಾರಿಸಿಕೊಂಡ ಮೇಲೆ ನಡೆಯುವ ಸತ್ಕಾರವಿದು.

ಎಲ್ಲ ಕಡೆಯೂ ಈ ಭಾಗ್ಯವಿಲ್ಲ. ಆಯುಧಪೂಜೆಯಂದು ಲ್ಯಾಪ್‌ಟಾಪಿಗೂ ಕುಂಕುಮವಿಡುವ ಮನೆಗಳುಂಟು. ಹೂವೇರಿಸುವ ಮುನ್ನ ಆ ಹಳೆಯ ಪಟ್ಟಿಯ ಧೂಳನ್ನೂ ಒಮ್ಮೆ ಕೊಡವಿದರೆ ಪೂಜೆ ಸಾಂಗವಾದಂತೆ. ಏಳು ಕೆರೆಯ ನೀರನ್ನು ಯಂತ್ರ ಕುಡಿಯಲಿ. ಯಾವ ಕೆರೆಗೆ ಇಳಿಯಬೇಕೆಂಬ ತೀರ್ಮಾನ ಮಾತ್ರ ನಮ್ಮದಾಗಿರಲಿ.