‘ಅಡ್ಜಸ್ಟ್’ ಮಾಡಿ, ‘ಅಡ್ಜಸ್ಟ್’ ಮಾಡಿಕೊ



ಈ ಸಲ ನಿಮಗೆಲ್ಲ ಚಿರಪರಿಚಿತವಾದ ಒಂದು ಇಂಗ್ಲಿಷ್ ಕ್ರಿಯಾಪದವನ್ನು ಎತ್ತಿಕೊಂಡಿದ್ದೇನೆ: ‘ಅಡ್ಜಸ್ಟ್’. ವಿಠ್ಠಲವಾಡಿಯಲ್ಲಿ ಬೆಳಿಗ್ಗೆ ಲೋಕಲ್ ಹತ್ತುವವರಿಗೆ ಇದರ ಅರ್ಥ ಹೇಳಿಕೊಡಬೇಕಿಲ್ಲ. ಬದಲಾಪುರ, ಅಂಬರನಾಥದಿಂದ ಗಾಡಿ ತುಂಬಿಕೊಂಡೇ ಬರುತ್ತದೆ. ಮೂವರು ಕೂತ ಸೀಟಿನ ಪಕ್ಕ ನಿಂತು ‘ಥೋಡಾ ಅಡ್ಜಸ್ಟ್ ಕರೋ’ ಎಂದರೆ ಮೂವರೂ ಸರಿಯುತ್ತಾರೆ, ನಾಲ್ಕನೆಯವಳಿಗೆ ಅರ್ಧ ಸೀಟು ಸಿಗುತ್ತದೆ. ಬೆಂಗಳೂರಿನಲ್ಲೂ ಇದೇ ಮಂತ್ರ: ‘ಸ್ವಲ್ಪ ಅಡ್ಜಸ್ಟ್ ಮಾಡಿ’.

ಇಂಗ್ಲಿಷರು ಜಾಗ ಕೇಳಲು ಈ ಪದ ಬಳಸುವುದಿಲ್ಲ. ಅವರಲ್ಲಿ ಇದು ಸಾಮಾನ್ಯವಾಗಿ ಒಂದು ಕರ್ಮಪದವನ್ನು ಬೇಡುತ್ತದೆ (ವ್ಯಾಕರಣದ ಕರ್ಮ, ಹಣೆಬರಹದ ಕರ್ಮವಲ್ಲ!). ಕನ್ನಡಕವನ್ನು, ಗಡಿಯಾರವನ್ನು, ಬೆಲ್ಟನ್ನು ಅಡ್ಜಸ್ಟ್ ಮಾಡುತ್ತಾರೆ. ಇಲ್ಲವೇ ‘ಟು’ ಸೇರಿಸಿ ಯಾವುದಕ್ಕೆ ಎಂದು ಹೇಳುತ್ತಾರೆ: ಹೊಸ ಊರಿಗೆ, ಹೊಸ ಕೆಲಸಕ್ಕೆ. ಪದದ ಬೇರು ‘ಹತ್ತಿರ’ ಎಂಬರ್ಥದ ಲ್ಯಾಟಿನ್ ಶಬ್ದ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಹಾಗೆ ನೋಡಿದರೆ ನಮ್ಮ ನಾಲ್ಕನೆಯ ಸೀಟಿನವರೇ ಮೂಲಾರ್ಥಕ್ಕೆ ಸಮೀಪ.

ಕನ್ನಡದಲ್ಲಿ ಇದಕ್ಕೆ ‘ಕೊಳ್ಳು’ ಅಂಟಿಕೊಂಡಾಗ ಮಾತು ಬೇರೆಯಾಗುತ್ತದೆ. ‘ಅಡ್ಜಸ್ಟ್ ಮಾಡಿ’ ಎಂದರೆ ಎಲ್ಲರೂ ಸ್ವಲ್ಪ ಸರಿಯಿರಿ, ನನಗೂ ಜಾಗ ಬೇಕು ಎಂದು. ‘ಅಡ್ಜಸ್ಟ್ ಮಾಡಿಕೊ’ ಎಂದರೆ ಹೆಚ್ಚಾಗಿ, ಯಾರೂ ಸರಿಯುವುದಿಲ್ಲ, ನೀನೇ ಮುದುಡಿಕೊ ಎಂದು. ಮೊದಲನೆಯದನ್ನು ರೈಲಿನಲ್ಲಿ ಅಪರಿಚಿತರಿಗೆ ಹೇಳುತ್ತೇವೆ, ಎರಡನೆಯದನ್ನು ಮದುವೆಯಾಗುವ ಹುಡುಗಿಗೆ.

1993ರಲ್ಲಿ ಮದುವೆಯಾಗಿ ಧಾರವಾಡದಿಂದ ಬಂದಾಗ ನನಗೂ ಅದನ್ನೇ ಹೇಳಿ ಕಳಿಸಿದ್ದರು. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳಿಗೆ ಕರ್ಮಪದ ಎಲ್ಲಿ ಎಂದು ಕೇಳಲು ಹೊಳೆಯಲೇ ಇಲ್ಲ. ತುಂಬಿಟ್ಟಿದ್ದ ಬಿ.ಎಡ್. ಅರ್ಜಿ ಟ್ರಂಕಿನಲ್ಲೇ ಉಳಿಯಿತು.

ಮೊನ್ನೆ ಗೆಳತಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ನಾನೂ ಉಪ್ಪಿಟ್ಟಿನ ತಟ್ಟೆ ಹಿಡಿದು ಅಲ್ಲೇ ಇದ್ದೆ. ಹುಡುಗನ ತಾಯಿ ಕೇಳಿದರು: ‘ಅಡ್ಜಸ್ಟ್ ಮಾಡಿಕೊಂಡು ಹೋಗ್ತೀ ಅಲ್ಲವಾ?’

‘ಏನು ಅಡ್ಜಸ್ಟ್ ಮಾಡ್ಕೋಬೇಕು, ಆಂಟಿ?’ ಎಂದಳು ಹುಡುಗಿ.

ಗೆಳತಿಯ ಮುಖ ಬಿಳಿಚಿತು. ಹುಡುಗಿಯ ದನಿಯಲ್ಲಿ ಉದ್ಧಟತನವಿರಲಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ವಾಕ್ಯ ಅರ್ಧಕ್ಕೆ ನಿಂತಿದೆ ಎಂದೇ ತಿಳಿದಿದ್ದಳು. ಆಕೆಯೂ ಒಳ್ಳೆಯ ಹೆಂಗಸು, ನಿಜಕ್ಕೂ ಯೋಚಿಸಿದರು. ‘ನಮ್ಮಲ್ಲಿ ಬೆಳಿಗ್ಗೆ ಐದೂವರೆಗೆ ನೀರು ಬರ್ತದವಾ, ಏಳಬೇಕಾಗ್ತದ. ಆಮ್ಯಾಲೆ ನಿನ್ನ ನೌಕರಿ...’ ಎಂದು ತಡೆದು ಮಗನ ಕಡೆ ನೋಡಿದರು.

‘ನೀರಿಗೆ ನಾನು ಏಳ್ತೀನಿ’ ಎಂದ ಅವನು. ನೌಕರಿಯ ಮಾತು ಹಾಗೇ ಉಳಿದಿದೆ. ಭಾನುವಾರ ಮತ್ತೆ ಬರುತ್ತಾರಂತೆ.