ಗೊತ್ತಿದ್ದೂ ಹೇಳಬಾರದ ವಿದ್ಯೆ

"ಲಾ ಓದ್ತಿದೀರಂತೆ, ಲಾಯರ್ ಆಗ್ತೀರಾ?" ಅಂತ ಇಲ್ಲಿನ ಕನ್ನಡದವರು ಕೇಳಿದಾಗಲೆಲ್ಲ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇಲ್ಲ ಸ್ವಾಮಿ, ಲಾಯರ್ ಆಗೋದಿಲ್ಲ. ನಾನು ಓದುತ್ತಿರುವುದು ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಪ್ಯಾರಾಲೀಗಲ್ ಅಸೋಸಿಯೇಟ್ ಡಿಗ್ರಿ. 60 ಯೂನಿಟ್, ಎರಡು ವರ್ಷ. "ಓ, ಗುಮಾಸ್ತೆ ಕೆಲಸ" ಅಂತ ಅಲ್ಲಿಗೆ ಮಾತು ಮುಗಿಸ್ತಾರೆ. ಆ ತಾತ್ಸಾರ ನನಗೇನೂ ತಟ್ಟೋದಿಲ್ಲ. ನನ್ನ ಸಿಟ್ಟು ಇರೋದು ಬೇರೆಯದರ ಮೇಲೆ.

ಈ ಕೋರ್ಸಿನಲ್ಲಿ ಕಾನೂನು ಹುಡುಕೋದು, ದಾವೆಯ ಕಾಗದ ಬರೆಯೋದು, ಕರಾರು, ಸಿವಿಲ್ ವ್ಯಾಜ್ಯದ ಹಂತಗಳು, ವೃತ್ತಿನೀತಿ ಎಲ್ಲಾ ಕಲಿಸ್ತಾರೆ. ಮನೆ ಖಾಲಿ ಮಾಡಿಸುವ ದಾವೆಯ ಸಮನ್ಸ್ ಕೈಗೆ ಬಂದರೆ ಉತ್ತರ ಕೊಡೋದಕ್ಕೆ ಮೊದಲು ಐದೇ ಕೋರ್ಟು ದಿನ ಇತ್ತು, 2025ರ ಜನವರಿಯಿಂದ ಹತ್ತಾಗಿದೆ. ಇಂಥದ್ದೆಲ್ಲ ನಮಗೆ ಬಾಯಿಪಾಠ. ಆದರೆ ಪಕ್ಕದ ಮನೆಯವರು ಅದೇ ಸಮನ್ಸ್ ಹಿಡಿದು ಬಂದರೆ? ಕ್ಯಾಲಿಫೋರ್ನಿಯಾ ಕಾನೂನಿನ 6450ನೇ ಸೆಕ್ಷನ್ ಪ್ರಕಾರ ಪ್ಯಾರಾಲೀಗಲ್ ಆದವರು ಕಾನೂನು ಸಲಹೆ ಕೊಡುವ ಹಾಗಿಲ್ಲ. ಮೇಲಿನ ವಕೀಲರಿಗಲ್ಲದೆ ಬೇರೆ ಯಾರಿಗೂ ಕಾನೂನಿನ ಕಾಗದ ಆರಿಸಿಕೊಡುವ, ವಿವರಿಸುವ, ಬರೆದುಕೊಡುವ ಹಾಗೂ ಇಲ್ಲ. ಕಲಿಸೋದೆಲ್ಲ ಕಲಿಸಿ ಬಾಯಿಗೆ ಬೀಗ!

"ಅರೆಬರೆ ಕಲಿತವರ ಕೈಗೆ ಜನರ ಹಣೆಬರಹ ಕೊಡೋಕಾಗುತ್ತಾ?" ಅಂತೀರಿ. ಮಾತು ಸುಳ್ಳಲ್ಲ. 'ನೋಟಾರಿಯೋ' ಅಂತ ಬೋರ್ಡು ಹಾಕಿಕೊಂಡು ವಲಸೆಗಾರರ ದುಡ್ಡು ನುಂಗಿದವರು ಈ ದೇಶದಲ್ಲಿ ಬೇಕಾದಷ್ಟಿದ್ದಾರೆ. ಆದರೆ ಅದಕ್ಕೆ ಮದ್ದು ಪರೀಕ್ಷೆ, ಲೈಸೆನ್ಸು, ತಪ್ಪು ಮಾಡಿದರೆ ಶಿಕ್ಷೆ. ಬೀಗ ಅಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ ಜೊತೆಗೆ ನರ್ಸ್ ಪ್ರಾಕ್ಟೀಷನರ್ ಇಲ್ವೇ? ಅವರು ಔಷಧಿ ಬರೆದುಕೊಡೋದಿಲ್ವೇ?

ಲಾಯರು ಸಿಗುವಂತಿದ್ದರೆ ಜನ ಲಾಯರ ಹತ್ತಿರವೇ ಹೋಗ್ತಾರೆ, ಬಿಡಿ. ಸಿಗೋದಿಲ್ಲವಲ್ಲ! 1963ರ ಗಿಡಿಯನ್ ತೀರ್ಪು ಸರ್ಕಾರಿ ವಕೀಲರನ್ನು ಕೊಡಿಸಿದ್ದು ಕ್ರಿಮಿನಲ್ ಆರೋಪಿಗಳಿಗೆ. ಮನೆ ಕಳಕೊಳ್ಳುವವರಿಗೆ ಅದು ಅನ್ವಯಿಸೋದಿಲ್ಲ. ಕಡಿಮೆ ಆದಾಯದ ಅಮೆರಿಕನ್ನರ ಸಿವಿಲ್ ಸಮಸ್ಯೆಗಳಲ್ಲಿ ಶೇ. 92ಕ್ಕೆ ಸಾಕಷ್ಟು ಕಾನೂನು ನೆರವು ಸಿಕ್ಕಿಲ್ಲ ಅಥವಾ ನೆರವೇ ಸಿಕ್ಕಿಲ್ಲ ಅಂತ ಲೀಗಲ್ ಸರ್ವೀಸಸ್ ಕಾರ್ಪೊರೇಷನ್ನಿನ 2022ರ ವರದಿ ಹೇಳುತ್ತೆ. ಇವರ ಮುಂದಿರುವ ಆಯ್ಕೆ ವಕೀಲರೋ ಪ್ಯಾರಾಲೀಗಲ್ಲೋ ಅನ್ನೋದಲ್ಲ, ಪ್ಯಾರಾಲೀಗಲ್ಲೋ ಯಾರೂ ಇಲ್ಲವೋ ಅನ್ನೋದು.

ಇದು ಆಗದ ಹೋಗದ ಮಾತೂ ಅಲ್ಲ. ಪಕ್ಕದ ಅರಿಝೋನಾ 2021ರಿಂದ ಲೀಗಲ್ ಪ್ಯಾರಾಪ್ರೊಫೆಷನಲ್ ಲೈಸೆನ್ಸು ಕೊಡುತ್ತಿದೆ. ನಮ್ಮಂಥ ಡಿಗ್ರಿ, ಜೊತೆಗೆ ಕೆಲಸದ ಅನುಭವ ಇದ್ದು ಪರೀಕ್ಷೆ ಪಾಸಾದರೆ ಕೌಟುಂಬಿಕ ವ್ಯಾಜ್ಯ, ಸಣ್ಣ ಸಿವಿಲ್ ವ್ಯಾಜ್ಯಗಳಲ್ಲಿ ಸಲಹೆ ಕೊಡಬಹುದು, ಕೋರ್ಟಿನಲ್ಲೂ ನಿಲ್ಲಬಹುದು. ವಾಷಿಂಗ್ಟನ್ ರಾಜ್ಯ 2012ರಲ್ಲೇ ಇಂಥದ್ದೊಂದು ದಾರಿ ತೆರೆದು, ಎಂಟೇ ವರ್ಷಕ್ಕೆ, 2020ರಲ್ಲಿ, ಹೊಸಬರಿಗೆ ಮುಚ್ಚುವ ತೀರ್ಮಾನ ಮಾಡಿತು. ನಮ್ಮ ಕ್ಯಾಲಿಫೋರ್ನಿಯಾದಲ್ಲಂತೂ ಸ್ಟೇಟ್ ಬಾರ್ ಮುಂದಿಟ್ಟ ಯೋಜನೆಗೆ 2022ರಲ್ಲಿ ಶಾಸಕಾಂಗವೇ ಅಡ್ಡಗಾಲು ಹಾಕಿತು.

ಇದೆಲ್ಲ ಜನರ ರಕ್ಷಣೆಗಾಗಿ ಅಂತಾರೆ. ಹತ್ತು ದಿನದ ಗಡುವು ಗೊತ್ತಿಲ್ಲದೆ ಸಾಮಾನು ಸಮೇತ ಬೀದಿಗೆ ಬಿದ್ದವರನ್ನು ಯಾರಿಂದ ರಕ್ಷಿಸಿದ ಹಾಗಾಯಿತು, ನೀವೇ ಹೇಳಿ.